ಎರಡು ಬಕೆಟ್ಟಿನ ನಿಯಮ

ಅಷ್ಟೂ ಅವಾಂತರಕ್ಕೆ ಕಾರಣ ಒಂದು ನೋಟಿಸು. ಅದನ್ನು ಬರೆದು, ಕೆಳಗೆ ರುಜು ಹಾಕಿ, ಮೆಟ್ಟಿಲ ಬಳಿಯ ಹಲಗೆಗೆ ನಾಲ್ಕೂ ಮೂಲೆಯಲ್ಲಿ ಪಿನ್ನು ಚುಚ್ಚಿದವರು ಸ್ವತಃ ಕಾರ್ಯದರ್ಶಿಗಳು. ಹನ್ನೆರಡು ಮನೆಗಳ ಆ ಕಟ್ಟಡದಲ್ಲಿ ಅವರಿಗೂ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದೆಯೆಂಬುದು ಅವರ ಹೆಂಡತಿಯನ್ನು ಬಿಟ್ಟರೆ ಯಾರಿಗೂ ನೆನಪಿರಲಿಲ್ಲ.

ನೋಟಿಸಿನಲ್ಲಿ ಹೀಗಿತ್ತು: ‘ಪ್ರತಿ ಮೂರು ತಿಂಗಳಿಗೊಮ್ಮೆ, ಹತ್ತನೇ ತಾರೀಖು, ಬೆಳಿಗ್ಗೆ ಆರರಿಂದ ಹತ್ತರವರೆಗೆ ಮೇಲಿನ ಟ್ಯಾಂಕು ತೊಳೆಯಲಾಗುವುದು. ನಲ್ಲಿಯಲ್ಲಿ ನೀರು ಇರುವುದಿಲ್ಲ. ಒಂದು ಮನೆಯವರು ಎರಡೇ ಬಕೆಟ್ಟು ಹಿಡಿದಿಡತಕ್ಕದ್ದು. ಯಾರ ಯಾವ ಕಾರಣಕ್ಕೂ ತಾರೀಖು ಬದಲಾಗದು.’

ಕೊನೆಯ ಸಾಲು ಎದುರುಮನೆಯ ಟೀಚರಮ್ಮನಿಗಾಗಿಯೇ ಬರೆದದ್ದು. ಹಿಂದೊಮ್ಮೆ ಆಕೆ, ಮನೆಗೆ ಎಂಟು ಜನ ನೆಂಟರು ಬರುತ್ತಿದ್ದಾರೆ, ಒಂದೇ ಒಂದು ದಿನ ಮುಂದಕ್ಕೆ ಹಾಕಿ ಎಂದು ಕೇಳಿಕೊಂಡಿದ್ದರು. ಕಾರ್ಯದರ್ಶಿಗಳು ಸಭೆ ಕರೆದು, ನಿಯಮ ಅಂದರೆ ನಿಯಮ ಎಂದು ಮುಕ್ಕಾಲು ಗಂಟೆ ಮಾತಾಡಿ, ಆ ಸಾಲನ್ನು ಪಾಸು ಮಾಡಿಸಿಬಿಟ್ಟರು. ನೆಂಟರು ಎರಡು ಬಕೆಟ್ಟಿನಲ್ಲಿ ಹೇಗೆ ದಿನ ಕಳೆದರೋ ಅವರೇ ಬಲ್ಲರು.

ಈಗ ಅದೇ ಹತ್ತನೇ ತಾರೀಖು ಕಾರ್ಯದರ್ಶಿಗಳ ಕೊರಳಿಗೆ ಬಿದ್ದಿತ್ತು. ಅವರ ಅಣ್ಣ ಕರುಳಿನ ಕಾಯಿಲೆಯಲ್ಲಿ ಹೋದವರು. ನಿಮಗೂ ವಯಸ್ಸಾಯಿತು, ಒಮ್ಮೆ ಕ್ಯಾಮೆರಾ ಹಾಕಿ ನೋಡಿಬಿಡೋಣ, ಹೆದರುವಂಥದ್ದೇನಿಲ್ಲ ಎಂದು ಡಾಕ್ಟರು ಹೇಳಿದ್ದರು. ಹೆದರುವಂಥದ್ದೇನಿಲ್ಲ ಎಂದು ಡಾಕ್ಟರು ಹೇಳಿದ ಗಳಿಗೆಯಿಂದಲೇ ಇವರಿಗೆ ಹೆದರಿಕೆ ಶುರುವಾಯಿತು. ಕೊಲೊನೋಸ್ಕೋಪಿ ಎಂಬ ಹೆಸರು ನಾಲಿಗೆಯಲ್ಲಿ ನೆಟ್ಟಗೆ ಹೊರಳಲು ಒಂದು ವಾರ ಹಿಡಿಯಿತು, ತಾರೀಖು ಸಿಗಲು ಎರಡು ತಿಂಗಳು. ಸಿಕ್ಕಿದ್ದು ಹನ್ನೊಂದನೇ ತಾರೀಖು, ಬೆಳಿಗ್ಗೆ ಏಳು ಗಂಟೆ. ಹಿಂದಿನ ದಿನ ಬೆಳಿಗ್ಗೆ ಹನ್ನೊಂದಕ್ಕೆ ಒಂದು ಪೊಟ್ಟಣ, ಸಂಜೆ ಐದಕ್ಕೆ ಇನ್ನೊಂದು ಪೊಟ್ಟಣ ನೀರಿಗೆ ಕಲಸಿ ಕುಡಿದು ಕರುಳನ್ನು ತೊಳೆದ ತಟ್ಟೆಯಂತೆ ಮಾಡಿಕೊಂಡು ಬರಬೇಕು. ಇಲ್ಲದಿದ್ದರೆ ವಾಪಸು ಕಳಿಸುತ್ತೇವೆ ಎಂದು ನರ್ಸಮ್ಮ ಖಡಾಖಂಡಿತವಾಗಿ ಹೇಳಿದ್ದಳು.

ವಿಷಯವನ್ನು ಅವರು ಹೆಂಡತಿಯ ಹೊರತು ಯಾರಿಗೂ ಹೇಳಲಿಲ್ಲ. ನಾಚಿಕೆ ಒಂದು ಕಡೆ. ಬಾಯಿಬಿಟ್ಟು ಹೇಳಿದರೆ ಅಣ್ಣನಿಗಾದದ್ದೇ ತನಗೂ ನಿಜವಾಗಿಬಿಡುತ್ತದೆ ಎಂಬ ಅಂಜಿಕೆ ಇನ್ನೊಂದು ಕಡೆ. ಲೆಕ್ಕಾಚಾರ ಮಾತ್ರ ಪಕ್ಕಾ ಇತ್ತು. ಹತ್ತಕ್ಕೆ ಟ್ಯಾಂಕು ಮುಗಿಯುತ್ತದೆ, ಹನ್ನೊಂದಕ್ಕೆ ಪೊಟ್ಟಣ.

ಆದರೆ ಆರಕ್ಕೆ ಬರಬೇಕಾದ ಟ್ಯಾಂಕು ತೊಳೆಯುವವನು ಏಳಕ್ಕೂ ಬರಲಿಲ್ಲ, ಒಂಬತ್ತಕ್ಕೂ ಬರಲಿಲ್ಲ. ಕಾರ್ಯದರ್ಶಿಗಳು ಬಾಲ್ಕನಿಗೂ ಬಾಗಿಲಿಗೂ ಕಾಲು ಸುಟ್ಟ ಬೆಕ್ಕಿನಂತೆ ಓಡಾಡಿದರು. ಹತ್ತೂವರೆಗೆ, ಇನ್ನು ಅವನು ಇವತ್ತು ಬರುವುದಿಲ್ಲ ಎಂದುಕೊಂಡು ಸಮಾಧಾನಪಟ್ಟರು. ಹನ್ನೊಂದು ಹೊಡೆಯುತ್ತಿದ್ದಂತೆ ಮೊದಲ ಲೋಟ ಎತ್ತಿದರು. ಉಪ್ಪುನೀರಿನ ಮುಂದೆ ನಿಂತು ಯಾರೋ ನಿಂಬೆಹಣ್ಣಿನ ಹೆಸರು ಹೇಳಿ ಹೋದಂತಿತ್ತು ಅದರ ರುಚಿ. ಕಾಲು ಗಂಟೆಗೊಂದು ಲೋಟ. ಎರಡನೆಯದು ಇಳಿಯುವಷ್ಟರಲ್ಲಿ ಕರೆಗಂಟೆ ಸದ್ದಾಯಿತು.

ಹೆಗಲ ಮೇಲೆ ಪಂಪು, ಕೈಯಲ್ಲಿ ಉದ್ದನೆಯ ಬ್ರಷ್ಷು ಹಿಡಿದು ಟ್ಯಾಂಕಿನವನು ನಿಂತಿದ್ದ.

“ವ್ಯಾನು ಕೆಟ್ಟಿತ್ತು ಸಾರ್. ಟೆರೇಸಿನ ಬೀಗ ತೆಗೀರಿ, ಬೇಗ ಮುಗಿಸ್ಬೇಕು. ಸಂಜೆ ನಾಲ್ಕಕ್ಕೆ ಇನ್ನೊಂದು ಕಡೆ ದೊಡ್ಡ ಟ್ಯಾಂಕಿದೆ.”

ಅದೇ ಗಳಿಗೆಗೆ ಕಾರ್ಯದರ್ಶಿಗಳ ಹೊಟ್ಟೆ, ದೂರದಲ್ಲಿ ಲಾರಿ ಗೇರು ಬದಲಿಸಿದಂಥ ಸದ್ದು ಮಾಡಿತು. ಅವರ ತಲೆಯೊಳಗೆ ಲೆಕ್ಕ ಓಡಿತು. ಒಂದು ಸಲಕ್ಕೆ ಅರ್ಧ ಬಕೆಟ್ಟು. ಆಸ್ಪತ್ರೆಯ ಹಾಳೆಯ ಪ್ರಕಾರ ಕಡಿಮೆಯೆಂದರೂ ಇಪ್ಪತ್ತು ಸಲ. ಬೇಕಾದದ್ದು ಹತ್ತು ಬಕೆಟ್ಟು, ಇದ್ದದ್ದು ನಿಯಮದಂತೆ ಎರಡು. ಟ್ಯಾಂಕಿನ ನೀರನ್ನು ಹೇಗಾದರೂ ಉಳಿಸಿಕೊಳ್ಳಬೇಕು, ಕಾರಣವನ್ನಂತೂ ಹೇಳುವಂತಿಲ್ಲ.

“ಮೊದಲು ನಿನ್ನ ಸಾಮಾನು ತಪಾಸಣೆ ಆಗಬೇಕು” ಎಂದರು ಕಾರ್ಯದರ್ಶಿಗಳು.

ಟೆರೇಸಿಗೆ ಇಪ್ಪತ್ತೆರಡು ಮೆಟ್ಟಿಲು. ಮೇಲೆ ಹೋಗಿ ಅವನ ಬೂಟಿನ ಅಡಿ ನೋಡಿದರು. ಮಣ್ಣಿದೆ, ತೊಳಿ ಎಂದರು. ಅವನು ತೊಳೆಯುವಾಗ ಮಾತು ಅರ್ಧಕ್ಕೇ ನಿಲ್ಲಿಸಿ ಇಪ್ಪತ್ತೆರಡು ಮೆಟ್ಟಿಲು ಕೆಳಗೋಡಿದರು. ಮತ್ತೆ ಬಂದು ಹಗ್ಗ ಎಳೆದು ನೋಡಿದರು, ಬ್ರಷ್ಷಿನ ಕೂದಲು ಎಣಿಸುವವರಂತೆ ಬೆರಳಾಡಿಸಿದರು, ಬಳಸುವ ಪುಡಿಯ ಹೆಸರನ್ನು ಬರೆದುಕೊಡು ಎಂದರು. ಕಾಗದ ತರುವ ನೆಪದಲ್ಲಿ ಮತ್ತೆ ಓಡಿದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಹಾಗೆ ನಿಯಮ ಅವರನ್ನು ಮೇಲಕ್ಕೆಳೆಯುತ್ತಿತ್ತು, ಹೊಟ್ಟೆ ಕೆಳಕ್ಕೆಳೆಯುತ್ತಿತ್ತು. ನಡುನಡುವೆ ಹೆಂಡತಿ ಬಾಗಿಲಲ್ಲಿ ಲೋಟ ಹಿಡಿದು ನಿಂತಿರುತ್ತಿದ್ದಳು. ಟ್ಯಾಂಕಿನವನು ಆರನೇ ಸಲಕ್ಕೆ ಮಾತಾಡುವುದನ್ನು ಬಿಟ್ಟು ಟ್ಯಾಂಕಿನ ನೆರಳಲ್ಲಿ ಕೂತು ಬುತ್ತಿ ಬಿಚ್ಚಿದ.

ಒಂದು ಗಂಟೆಗೆ ಕಟ್ಟಡ ಕುದಿಯತೊಡಗಿತು. ಟ್ಯಾಂಕಿನವನು ಬಂದನೆಂದು ಎಲ್ಲರೂ ನಲ್ಲಿ ಮುಟ್ಟದೆ ಕೂತಿದ್ದಾರೆ, ಪಾತ್ರೆ ರಾಶಿ ಬಿದ್ದಿದೆ, ಮೇಲೆ ನೋಡಿದರೆ ಕೆಲಸವೇ ಶುರುವಾಗಿಲ್ಲ. ನೆಲಮಹಡಿಯಲ್ಲಿದ್ದ ನಿವೃತ್ತ ಬಸ್ ಡ್ರೈವರು ಮುಂದಾಳಾಗಿ ಏಳೆಂಟು ಜನ ಟೆರೇಸು ಹತ್ತಿದರು. ಟೀಚರಮ್ಮ ನೋಟಿಸನ್ನೇ ಕಿತ್ತು ತಂದಿದ್ದರು.

“ಬೇಲೀನೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳೋಣ ಸಾರ್? ನೋಟಿಸೂ ನಿಮ್ದೇ, ಅಡ್ಡಗಾಲೂ ನಿಮ್ದೇ. ಟ್ಯಾಂಕು ಖಾಲಿ ಮಾಡೋ ವಾಲ್ವಿನ ಕೀ ಕೊಡಿ” ಎಂದರು ಡ್ರೈವರು.

ಕಾರ್ಯದರ್ಶಿಗಳು ಹೊಟ್ಟೆ ಹಿಡಿದುಕೊಂಡರು. ಕೀ ಗೊಂಚಲು ಜೇಬಲ್ಲಿದ್ದಂತೆಯೇ ಜನರ ನಡುವೆ ನುಗ್ಗಿ ಓಟ ಕಿತ್ತರು. ಕೀ ತಗೊಂಡು ಓಡ್ತಿದ್ದಾರೆ, ಹಿಡೀರಿ ಎಂದು ಯಾರೋ ಕೂಗಿದರು. ಇಡೀ ದಂಡು ಅವರ ಬೆನ್ನು ಹತ್ತಿತು. ಅವರು ಬಚ್ಚಲಿನ ಚಿಲಕ ಹಾಕುವುದಕ್ಕೂ ಹೊರಬಾಗಿಲು ದಬದಬ ಬಡಿಯುವುದಕ್ಕೂ ಸರಿಹೋಯಿತು.

ಹೆಂಡತಿ ಬಾಗಿಲು ತೆಗೆದಳು. ಎರಡು ತಿಂಗಳಿಂದ ಗುಟ್ಟನ್ನು ಹೊತ್ತು ಆಕೆಗೂ ಸಾಕಾಗಿತ್ತು.

“ಎಲ್ಲೂ ಓಡಿಹೋಗಿಲ್ಲ, ಒಳಗೇ ಕೂತಿದ್ದಾರೆ. ನಾಳೆ ಅವರ ಕರುಳಿಗೆ ಕ್ಯಾಮೆರಾ ಹಾಕಿ ನೋಡ್ತಾರೆ, ಅದಕ್ಕೆ ಇವತ್ತು ಹೊಟ್ಟೆ ಖಾಲಿ ಮಾಡ್ಕೋಬೇಕು. ಅವರ ಅಣ್ಣ ಹೋಗಿದ್ದು ಕರುಳಿನ ಕಾಯಿಲೇಲೇ. ತುಂಬ ಹೆದರ್ಕೊಂಡಿದ್ದಾರೆ.”

ಹೊರಗಿನವರು ಒಬ್ಬೊಬ್ಬರಾಗಿ ಮೆಟ್ಟಿಲಿಳಿದರು. ಒಳಗೆ ಕಾರ್ಯದರ್ಶಿಗಳು ಸೋಪಿನ ಹೊದಿಕೆಯ ಮೇಲಿದ್ದುದನ್ನೆಲ್ಲ ಓದಿ ಮುಗಿಸಿ ಮತ್ತೆ ಮೊದಲಿಂದ ಓದಿದರು. ಭೂಮಿ ಬಾಯ್ಬಿಡಬಾರದೆ ಅನ್ನಿಸಿತು. ಅವರಿದ್ದದ್ದು ಮೂರನೇ ಮಹಡಿಯಾದ್ದರಿಂದ ಅದಕ್ಕೂ ಅವಕಾಶವಿರಲಿಲ್ಲ.

ಅರ್ಧ ಗಂಟೆಯ ಮೇಲೆ, ಬಾಗಿಲ ಸಂದಿಯಿಂದ ಕೀ ನೀಡೋಣವೆಂದು ಹೊರಗೆ ಇಣುಕಿದವರು ಹಾಗೇ ನಿಂತುಬಿಟ್ಟರು. ಹೊಸಿಲಿನಿಂದ ಮೆಟ್ಟಿಲವರೆಗೆ ಬಕೆಟ್ಟುಗಳ ಸಾಲು. ಕೆಂಪು, ನೀಲಿ, ಹಿಡಿ ಮುರಿದದ್ದು, ಮಗುವಿನ ಸ್ನಾನದ ಟಬ್ಬು, ದೊಡ್ಡದೊಂದು ಅಡುಗೆ ಪಾತ್ರೆ. ಎಲ್ಲವೂ ತುಂಬಿದ್ದವು. ಅಭ್ಯಾಸಬಲದಿಂದ ಎಣಿಸಿದರು. ಇಪ್ಪತ್ತೊಂಬತ್ತು. ಹನ್ನೊಂದು ಮನೆಗೆ ಎರಡರಂತೆ ಇಪ್ಪತ್ತೆರಡಾಗಬೇಕು. ಅಂದರೆ ಇಷ್ಟು ವರ್ಷ ಜನ ಅವರ ನಿಯಮ ಮುರಿಯುತ್ತಲೇ ಬಂದಿದ್ದರು. ಕಾರ್ಯದರ್ಶಿಗಳಿಗೆ ಸಿಟ್ಟು ಬರಬೇಕಿತ್ತು. ಕಣ್ಣಲ್ಲಿ ನೀರು ಬಂತು.

ಆಮೇಲೆ ಟ್ಯಾಂಕಿನವನಿಗೆ ಕೀ ಸಿಕ್ಕಿತು, ಇವರಿಗೆ ಸಲಹೆಗಳು ಸಿಕ್ಕವು. ಮೂಗು ಹಿಡಿದು ಕುಡಿಯಿರಿ ಎಂದರೊಬ್ಬರು. ಡ್ರೈವರು, ದೂರದ ರೂಟಿನಲ್ಲಿ ಒಮ್ಮೆ ಅರವತ್ತು ಪ್ರಯಾಣಿಕರನ್ನು ನಡುದಾರಿಯಲ್ಲಿ ನಿಲ್ಲಿಸಿ ತಾನು ಪೊದೆ ಹುಡುಕಿದ ಕತೆಯನ್ನು ಬಚ್ಚಲಿನ ಬಾಗಿಲಿಗೆ ಹೇಳಿದರು. ಸಂಜೆ ಐದರಿಂದ ಟೀಚರಮ್ಮ ಗಡಿಯಾರ ಹಿಡಿದು ಕೂತು, ಕಾಲು ಗಂಟೆಗೊಮ್ಮೆ “ಮುಂದಿನ ಲೋಟ” ಎಂದು ಪರೀಕ್ಷೆಯ ಹಾಲಿನಲ್ಲಿ ಹೇಳಿದಂತೆ ಹೇಳುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಟ್ಯಾಂಕಿನ ಕೆಲಸ ಮುಗಿಯಿತು. ಇವತ್ತಾಗಲಿಲ್ಲ, ನಾಳೆ ಬೆಳಿಗ್ಗೆ ಐದಕ್ಕೇ ಬರ್ತೀನಿ ಎಂದು ಅವನು ಫೋನಿನಲ್ಲಿ ಯಾರಿಗೋ ಗೋಗರೆಯುತ್ತ ಇಳಿದುಹೋದ. ಅದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಕಾರ್ಯದರ್ಶಿಗಳು ಇರಲಿಲ್ಲ.

ಮರುದಿನ ಬೆಳಿಗ್ಗೆ ಅವರು ಗಾಳಿಗೆ ಹಾರಿಹೋಗುವಷ್ಟು ಹಗುರಾಗಿದ್ದರು. ಡ್ರೈವರು ತಮ್ಮ ಹಳೇ ಕಾರಿನಲ್ಲಿ ಕರೆದೊಯ್ದರು. ಹೆಂಡತಿಯ ಜೊತೆಗೆ ಟೀಚರಮ್ಮನೂ ಹತ್ತಿಕೊಂಡರು. ಬಕೆಟ್ಟು ಕೊಟ್ಟಮೇಲೆ ಫಲಿತಾಂಶ ತಿಳಿಯುವ ಹಕ್ಕೂ ಇರುತ್ತದಲ್ಲ.

ಆಸ್ಪತ್ರೆಯ ಹಳೇ ಕಟ್ಟಡದ ಬೆಂಚಿನ ಮೇಲೆ ಆಗಲೇ ನಾಲ್ಕು ಜನ ಕೂತಿದ್ದರು. ನಾಲ್ವರ ಕೆನ್ನೆಯೂ ಇವರದರಂತೆಯೇ ಒಳಸೇರಿತ್ತು. ನರ್ಸಮ್ಮ ಹೊರಗೆ ಬಂದಳು.

“ಇವತ್ತು ಯಾರಿಗೂ ಮಾಡಲ್ಲ. ಈ ಕಟ್ಟಡದಲ್ಲಿ ನೀರಿಲ್ಲ. ಒಬ್ಬರಿಗೆ ಹಾಕಿದ ಟ್ಯೂಬನ್ನ ತೊಳೀದೆ ಇನ್ನೊಬ್ಬರಿಗೆ ಹಾಕೋಕಾಗುತ್ತಾ? ಟ್ಯಾಂಕು ತೊಳೆಯೋದು ನಿನ್ನೆ ಸಂಜೇನೇ ಮುಗೀಬೇಕಿತ್ತು. ಅದ್ಯಾವನೋ ಕಾರ್ಯದರ್ಶಿಯಂತೆ, ಬೂಟು ತೋರ್ಸು ಬ್ರಷ್ಷು ತೋರ್ಸು ಅಂತ ಆ ಮನುಷ್ಯನ್ನ ಮಧ್ಯಾಹ್ನದವರೆಗೂ ಕೂರಿಸಿಬಿಟ್ಟನಂತೆ.”

ಬೆಂಚಿನವರು ಆ ಕಾರ್ಯದರ್ಶಿಯ ವಂಶಕ್ಕೆಲ್ಲ ಹಿಡಿಶಾಪ ಹಾಕಿದರು. ಕಾರ್ಯದರ್ಶಿಗಳು ನೆಲ ನೋಡುತ್ತ, “ಅಂಥವರೂ ಇರ್ತಾರೆ” ಎಂದು ಸಣ್ಣಗೆ ದನಿಗೂಡಿಸಿದರು.

ಅಷ್ಟರಲ್ಲಿ ಮೆಟ್ಟಿಲ ಮೇಲಿಂದ ಉದ್ದನೆಯ ಬ್ರಷ್ಷೊಂದು ಇಳಿದು ಬಂತು, ಅದರ ಹಿಂದೆ ಟ್ಯಾಂಕಿನವನು.

“ನಮಸ್ಕಾರ ಕಾರ್ಯದರ್ಶಿಗಳೇ. ಇಲ್ಲಿಗೂ ಬಂದ್ರಾ ತಪಾಸಣೆಗೆ?”

ನಾಲ್ಕು ಬಡಕಲು ಮುಖಗಳು ಒಟ್ಟಿಗೆ ಇತ್ತ ತಿರುಗಿದವು. ಅವರಲ್ಲಿ ಎದ್ದು ಬಂದು ಹೊಡೆಯುವಷ್ಟು ತ್ರಾಣ ಯಾರಿಗೂ ಇಲ್ಲದಿದ್ದದ್ದು ಕಾರ್ಯದರ್ಶಿಗಳ ಪುಣ್ಯ.

ನರ್ಸಮ್ಮ ಪುಸ್ತಕದ ಹಾಳೆಗಳನ್ನು ತಿರುವುತ್ತಲೇ ಹೋದಳು. ಡಾಕ್ಟರು ನಿಮ್ಮದಕ್ಕೆ ಅವಸರವಿಲ್ಲ ಅಂದಿದ್ದಾರೆ ಎನ್ನುತ್ತ, ಕೊನೆಗೆ ಒಂದು ಕಡೆ ಬೆರಳಿಟ್ಟು, ಎರಡು ಹೊಸ ಪೊಟ್ಟಣಗಳನ್ನು ಅವರ ಕೈಗಿಟ್ಟಳು.

“ಮೂರು ತಿಂಗಳ ಮೇಲೆ, ಹನ್ನೊಂದನೇ ತಾರೀಖು. ಹಿಂದಿನ ದಿನ, ಹತ್ತರಂದು, ಹನ್ನೊಂದು ಗಂಟೆಗೆ ಸರಿಯಾಗಿ ಕುಡಿಯೋಕೆ ಶುರು ಮಾಡಿ.”

ಕಾರ್ಯದರ್ಶಿಗಳು ಬೆರಳು ಮಡಿಸಿ ತಿಂಗಳು ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಆಮೇಲೆ ಟೀಚರಮ್ಮನ ಕಡೆ ತಿರುಗಿ, ಜೀವಮಾನದಲ್ಲಿ ಎಂದೂ ಬಳಸದ ದನಿಯಲ್ಲಿ ಕೇಳಿದರು: “ಟೀಚರಮ್ಮ, ಮುಂದಿನ ಸಲ ಟ್ಯಾಂಕು ತೊಳೆಯೋದನ್ನ ಒಂದೇ ಒಂದು ದಿನ ಮುಂದಕ್ಕೆ ಹಾಕೋಕಾಗುತ್ತಾ?”

ಟೀಚರಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ನಿಧಾನವಾಗಿ ಒರೆಸಿದರು. ನಿನ್ನೆ ಕಿತ್ತ ನೋಟಿಸು ಇನ್ನೂ ಅವರ ಚೀಲದಲ್ಲೇ ಇತ್ತು. ಅದನ್ನು ಬಿಚ್ಚಿ, ಕೊನೆಯ ಸಾಲು ಕಾಣುವಂತೆ ಅವರ ಮುಂದೆ ಹಿಡಿದರು.

“ನಮ್ಮದೇನಿದೆ ಸಾರ್, ರುಜು ನಿಮ್ಮದೇ. ಬಕೆಟ್ಟು ಬೇಕಾದರೆ ಕೊಡ್ತೀವಿ.”