ಮಾವನ ಮುಂದೆ ಎಲ್ಲಾ ಚಲೋ ಐತೆ

ಬೇಡಿ ಕಾಡುವವರನ್ನು ನೀವೆಲ್ಲ ಕಂಡಿದ್ದೀರಿ. ಕೊಟ್ಟು ಕಾಡುವವರನ್ನು ಕಂಡಿದ್ದೀರಾ? ಇಲ್ಲವೆಂದಾದರೆ ದಾವಣಗೆರೆಯಿಂದ ಹರಿಹರದ ಬಸ್ಸು ಹತ್ತಿ, ಅಲ್ಲಿಂದ ಗುತ್ತೂರಿಗೆ ಹೋಗಿ, ನನ್ನ ಸೋದರಮಾವನ ಮನೆ ಯಾವುದೆಂದು ಯಾರನ್ನಾದರೂ ಕೇಳಿ. ತೋರಿಸುತ್ತಾರೆ. ಮಾವ ಚಹಾ ಕೊಡುತ್ತಾರೆ, ಮಂಡಕ್ಕಿ ಕೊಡುತ್ತಾರೆ. ಕುಡಿಯಿರಿ, ತಿನ್ನಿರಿ. ಆದರೆ ದಮ್ಮಯ್ಯ, ನಿಮಗೊಂದು ಕಷ್ಟವಿದೆ ಎಂದು ಮಾತ್ರ ಬಾಯಿ ಬಿಡಬೇಡಿ. ಬಿಟ್ಟಿರೋ, ಬರುವ ದೀಪಾವಳಿಗೆ ಆ ಕಷ್ಟಕ್ಕೆ ಪರಿಹಾರ ನಿಮ್ಮ ಬಾಗಿಲಿಗೇ ಬಂದು ನಿಲ್ಲುತ್ತದೆ. ಕಬ್ಬಿಣದ್ದು. ಹಸಿರು ಬಣ್ಣದ್ದು. ಇಬ್ಬರು ಹಿಡಿದರೂ ಮೇಲೇಳದಂಥದ್ದು!

ಮಾವ ಹರಿಹರದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಫಿಟ್ಟರ್ ಆಗಿದ್ದವರು. ಅವರ ಜೊತೆ ನಿವೃತ್ತರಾದವರೆಲ್ಲ ಶಾಲು ಹೊದ್ದು, ಹಾರ ಹಾಕಿಸಿಕೊಂಡು ಮನೆಗೆ ಬಂದು ಸುಮ್ಮನೆ ಕೂತರು. ನಮ್ಮ ಮಾವ ಕೂರಲಿಲ್ಲ. ಮನೆಯ ಹಿಂದೆ ತಗಡಿನ ಶೆಡ್ಡು ಹಾಕಿ ವೆಲ್ಡಿಂಗ್ ಯಂತ್ರ ತಂದಿಟ್ಟರು. ಊರಿನ ತಮ್ಮಂದಿರೆಲ್ಲ ದೀಪಾವಳಿಗೆ ಅಕ್ಕನಿಗೆ ಸೀರೆ ತರುತ್ತಾರೆ. ಅವ್ವನ ಈ ತಮ್ಮ ಮಾತ್ರ ಅಂಗಡಿಯದನ್ನು ಕೊಟ್ಟರೆ ಕೊಡದೇ ಇದ್ದಂತೆ ಎಂದು ನಂಬಿದ ಮನುಷ್ಯ. "ದುಡ್ಡು ಬಿಸಾಕಿ ಯಾರ್ ಬೇಕಾದ್ರೂ ತರ್ತಾರ. ಕೈಯಿಂದ ಮಾಡಿದ್ದು ಕೊಡಬೇಕು" ಎನ್ನುವುದು ಅವರ ಸಿದ್ಧಾಂತ. ಸಿದ್ಧಾಂತ ಅವರದು, ಅದನ್ನು ಎತ್ತಿಡುವ ಸೊಂಟ ನಮ್ಮದು.

ನಮ್ಮ ಕಡೆ ಸೋದರಮಾವನಿಗೆ ಹೆಣ್ಣು ಕೊಡುವುದುಂಟು. ನನ್ನನ್ನು ಇವರಿಗೇ ಕೊಡಬೇಕೆಂದು ಅಜ್ಜಿ ಒಂದು ಕಾಲದಲ್ಲಿ ಹಟ ಹಿಡಿದಿದ್ದಳಂತೆ. ವಯಸ್ಸಿನ ಅಂತರ ಬಹಳವಾಯಿತೆಂದು ಅಪ್ಪ ಒಪ್ಪಲಿಲ್ಲ. ಒಪ್ಪಿದ್ದರೆ ತಾಳಿಗೆ ಮೂರು ಗಂಟು ಹಾಕುವ ಬದಲು ಮೂರು ಕಡೆ ವೆಲ್ಡಿಂಗ್ ಮಾಡಿಬಿಡುತ್ತಿದ್ದರು! ಆಮೇಲೆ ಅವರನ್ನು ಮದುವೆಯಾಗಿ ಬಂದ ನಮ್ಮ ಅತ್ತೆ ಬಹಳ ಜಾಣೆ. ಆಕೆ ಗಂಡನೆದುರು ಮಾತು ಕಡಿಮೆ ಮಾಡಿ ಎಷ್ಟೋ ವರ್ಷವಾಯಿತು.

ಮಾವನ ಕ್ರಮ ಹೇಳುತ್ತೇನೆ ಕೇಳಿ. ವರ್ಷವಿಡೀ ಅವರು ನಮ್ಮ ಮನೆಗೆ ಬಂದು ಹೋಗುತ್ತಾರೆ. ಏನೂ ಕೇಳುವುದಿಲ್ಲ. ಮೂಲೆಯ ಕುರ್ಚಿಯಲ್ಲಿ ಕೂತು ಕಿವಿ ತೆರೆದಿಡುತ್ತಾರೆ, ಅಷ್ಟೇ. ಯಾರಾದರೂ ಒಂದು ಮಾತು ಗೊಣಗಿದರೆ ಜೇಬಿನಿಂದ ಬೀಡಿಕಟ್ಟಿನ ಕಾಗದ ತೆಗೆದು ಅದರ ಹಿಂದೆ ಏನೋ ಗೀಚಿಕೊಳ್ಳುತ್ತಾರೆ. ಒಂದು ವರ್ಷ ಅವ್ವ, ಚಕ್ಕುಲಿ ಒತ್ತಿ ಒತ್ತಿ ಅಂಗೈ ನೋಯುತ್ತದೆ ಅಂದಳು. ಮುಗಿಯಿತು! ದೀಪಾವಳಿಗೆ ಗೋಣಿಚೀಲದಲ್ಲಿ ಚಕ್ಕುಲಿ ಒರಳು ಬಂತು. ಲಾರಿ ಎತ್ತುವ ಜಾಕು ನೋಡಿದ್ದೀರಲ್ಲ? ಅದೇ. ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿ, ಎರಡು ಕೈಯಲ್ಲಿ ತಿರುಗಿಸಬೇಕು. ನನ್ನ ಯಜಮಾನರು ಉಸಿರು ಬಿಗಿಹಿಡಿದು ತಿರುಗಿಸಿದರು. ಕೆಳಗಿನ ಬಿಲ್ಲೆಯಿಂದ ಒಂದೆಳೆಯೂ ಬರಲಿಲ್ಲ, ಮೇಲಿನಿಂದ ಅಷ್ಟೂ ಹಿಟ್ಟು ಹಾರಿ ನನ್ನ ಮುಖಕ್ಕೆ ಬಡಿಯಿತು. ಹಬ್ಬದ ದಿನ, ಹೊಸ ಸೀರೆ! ಮಾವ ನನ್ನ ಮುಖವನ್ನು ನೋಡಲೇ ಇಲ್ಲ, ಒರಳಿನ ಮುಖ ನೋಡಿ, "ಹೆಂಗೈತೆ ಅಕ್ಕ?" ಎಂದು ಕೇಳಿದರು. ನಮ್ಮವ್ವ ಏನನ್ನಬೇಕು ಹೇಳಿ! ಚಲೋ ಐತಪ್ಪ ಅಂದಳು.

ಇನ್ನೊಂದು ವರ್ಷ, ಹಿತ್ತಲಲ್ಲಿ ಬಟ್ಟೆ ಬೇಗ ಒಣಗುವುದಿಲ್ಲ ಎಂದು ನಾನೇ ಬಾಯಿ ಜಾರಿದೆ. ಮಾವ ಮಾಳಿಗೆಯ ಮೇಲೆ ಒಂದು ಕಂಬ ನಿಲ್ಲಿಸಿ, ರಾಟೆ ಕಟ್ಟಿ, ಹಗ್ಗ ಎಳೆದರೆ ಬಟ್ಟೆ ಆಕಾಶಕ್ಕೇರುವ ಏರ್ಪಾಡು ಮಾಡಿಕೊಟ್ಟರು. ಏರಿತು. ಇಳಿಯಲಿಲ್ಲ. ರಾಟೆಯ ಹಲ್ಲು ಹಗ್ಗವನ್ನು ಕಚ್ಚಿಕೊಂಡು ನಮ್ಮ ಯಜಮಾನರ ಪಟ್ಟೆಪಟ್ಟೆ ಚಡ್ಡಿ ಮೂರು ದಿನ ಓಣಿಯ ಮೇಲೆ ಹಾರಾಡಿತು. ಇದು ಯಾವ ಪಾರ್ಟಿಯ ಬಾವುಟ ಎಂದು ಹಾಲು ಹಾಕುವವನು ಕೇಳಿದ!

ಯಜಮಾನರಿಗೆ ನಮ್ಮ ದಾವಣಗೆರೆಯ ಮಂಡಿಪೇಟೆಯಲ್ಲಿ ಬೆಲ್ಲದ ಅಂಗಡಿ. ಬೆಲ್ಲ ಇದ್ದಲ್ಲಿ ಇರುವೆ ಇರುವುದು ಲೋಕರೂಢಿ. ಆ ಪುಣ್ಯಾತ್ಮರು ಅದನ್ನೇ ಒಂದು ದೂರೆಂದು ಮಾವನ ಮುಂದೆ ಹೇಳಿದರು. ಮುಂದಿನ ಹಬ್ಬಕ್ಕೆ ಅಂಗಡಿಗೆ ಕಬ್ಬಿಣದ ಮಂಚ ಬಂತು. ನಾಲ್ಕು ಕಾಲಿಗೂ ನೀರು ನಿಲ್ಲುವ ಬಟ್ಟಲು ಬೆಸೆದಿದ್ದರು. ಇದು ಸರಿಯೇ. ಆದರೆ ಇರುವೆಗೆ ಆಸೆಯೇ ಹುಟ್ಟಬಾರದೆಂದು ಕಾಲುಗಳನ್ನು ಆಳೆತ್ತರ ಮಾಡಿದ್ದರು. ಬೆಲ್ಲ ಇಳಿಸಲು ಏಣಿ ಬೇಕಾಯಿತು. ಇರುವೆಯೂ ಹತ್ತಲಿಲ್ಲ, ಗಿರಾಕಿಯೂ ಹತ್ತಿರ ಬರಲಿಲ್ಲ. ಪಕ್ಕದಲ್ಲೇ ಬೀಗ, ಬೋಲ್ಟು, ಮೊಳೆ ಮಾರುವ ಸಾಹೇಬರ ಅಂಗಡಿ. ಯಜಮಾನರ ಹಳೆಯ ದೋಸ್ತ್ ಅವರು. "ಭಾಳ ಮಜಬೂತ್ ಐತೆ ಬಿಡ್ರಿ, ಬೆಲ್ಲ ಖಾಲಿ ಆದ್ರೆ ಮ್ಯಾಲೆ ಮಲಗಬಹುದು" ಎಂದು ಸಮಾಧಾನ ಹೇಳಿದರು.

ಇದನ್ನೆಲ್ಲ ಗುಜರಿಗೆ ಹಾಕಬಾರದೇ ಎಂದು ನೀವು ಕೇಳಬಹುದು. ಎರಡೂ ಊರಿನ ಗುಜರಿಯವರು ಮಾವನ ಸ್ನೇಹಿತರು, ಅವರು ಕಬ್ಬಿಣ ತರುವುದೇ ಅಲ್ಲಿಂದ! ಸಾಲದ್ದಕ್ಕೆ ಹಬ್ಬ ಕಳೆದ ಹದಿನೈದು ದಿನಕ್ಕೆ ತಪಾಸಣೆಗೆ ಬರುತ್ತಾರೆ. ಹಿಡಿಕೆಯ ಮೇಲೆ ಬೆರಳಾಡಿಸಿ, ಧೂಳು ಸಿಕ್ಕರೆ ಬೆರಳನ್ನು ನಮ್ಮ ಮುಂದೆ ಹಿಡಿದು ಸುಮ್ಮನೆ ನಿಲ್ಲುತ್ತಾರೆ. ಬಯ್ದರೆ ಬಯ್ಸಿಕೊಳ್ಳಬಹುದು. ಹಾಗೆ ನಿಂತರೆ ಏನು ಮಾಡುವುದು? ನನ್ನ ಮನೆಯಲ್ಲಿ ನಾನು ತಪ್ಪು ಮಾಡಿದ ಹುಡುಗಿಯಂತೆ ತಲೆ ತಗ್ಗಿಸಬೇಕೇ?

ಕೊನೆಗೆ ನಾನೊಂದು ಕಾನೂನು ಮಾಡಿದೆ. ಮಾವ ಮನೆಯಲ್ಲಿರುವಷ್ಟು ಹೊತ್ತು ಯಾರಿಗೂ ಯಾವ ಕಷ್ಟವೂ ಇರಕೂಡದು. ಸೊಳ್ಳೆ ಇದ್ದಾವಾ ಎಂದು ಅವರು ಕೇಳಿದರೆ, ತೊಡೆಯ ಮೇಲೆ ಕೂತ ಸೊಳ್ಳೆಯನ್ನು ಹೊಡೆಯದೆ, ಒಂದೂ ಇಲ್ಲ ಮಾವ ಎನ್ನುವಷ್ಟು ನಾವು ಪಳಗಿದೆವು. ಕರೆಂಟು ಹೋದರೆ ತಂಪಾಗಿದೆ ಅಂದೆವು. ಮಾವನ ಕಾಗದ ಖಾಲಿ ಉಳಿಯತೊಡಗಿತು. ಆದರೂ ಎರಡು ವರ್ಷ ಸುಮ್ಮನೆ ಅಂದಾಜಿನ ಮೇಲೆ ಏನೇನೋ ತಂದರು. ಒಂದು ಈಗಲೂ ಅಟ್ಟದಲ್ಲಿದೆ. ಅದು ಏನಕ್ಕೆ ಎಂದು ಕೇಳಿದರೆ ಮತ್ತೊಂದು ಬಂದೀತೆಂದು ಕೇಳಿಲ್ಲ.

ಈ ವರ್ಷ ಗಣೇಶನ ಹಬ್ಬ ಮುಗಿದ ವಾರ ಅವ್ವ ಬಚ್ಚಲಲ್ಲಿ ಜಾರಿ ಬಿದ್ದಳು. ಅಪ್ಪ ಹೋದ ಮೇಲೆ ಅವ್ವ ನನ್ನ ಜೊತೆಯೇ ಇದ್ದಾಳೆ. ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಯಿತು, ಮನೆಗೆ ಬಂದಳು. ಎದ್ದು ನಿಂತರೆ ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಡುತ್ತಾಳೆ. ಏಳುವುದೇ ಕಷ್ಟ. ವಾಕರ್ ಹಿಡಿದು ಏಳಹೋದರೆ ಅದೇ ಇವಳ ಮೈಮೇಲೆ ಬರುತ್ತದೆ. ಪ್ರತಿ ಸಲವೂ ನಾನೇ ಕಂಕುಳಿಗೆ ಕೈ ಕೊಟ್ಟು ಎತ್ತಬೇಕು.

ಎರಡನೆಯ ವಾರ ಅವ್ವ, ತಮ್ಮನಿಗೆ ತಿಳಿಸಿದೆಯಾ ಎಂದು ಕೇಳಿದಳು. ತಿಳಿಸುತ್ತೇನೆ ಅಂದೆ. ತಿಳಿಸಲಿಲ್ಲ. ತಿಳಿಸಿದರೆ ಏನಾಗುತ್ತದೆಂದು ನನಗೆ ಗೊತ್ತಿರಲಿಲ್ಲವೇ? ಅವ್ವನನ್ನು ರಾಟೆಗೆ ಕಟ್ಟಿ ಮೇಲೆತ್ತುವ ಯಂತ್ರ ಬರುತ್ತದೆ, ಅವಳೂ ಮೂರು ದಿನ ಮೇಲೆಯೇ ನಿಲ್ಲುತ್ತಾಳೆ! ಮಾವ ಫೋನು ಮಾಡಿದಾಗಲೆಲ್ಲ ಒಂದೊಂದು ನೆಪ ಹೇಳಿದೆ. ಸ್ನಾನಕ್ಕೆ ಹೋಗಿದ್ದಾಳೆ, ಪಕ್ಕದ ಮನೆಗೆ ಹೋಗಿದ್ದಾಳೆ, ಮಲಗಿದ್ದಾಳೆ. ಬರುತ್ತೇನೆ ಅಂದರೆ, ಮನೆಗೆ ಸುಣ್ಣ ಬಣ್ಣ ಮಾಡಿಸುತ್ತಿದ್ದೇವೆ, ಹಬ್ಬಕ್ಕೇ ಬನ್ನಿ ಅಂದೆ. ಅವ್ವ ಮತ್ತೆ ಎರಡು ಸಲ ಕೇಳಿದಳು. ಆಮೇಲೆ ಕೇಳುವುದನ್ನು ಬಿಟ್ಟಳು. ತಮ್ಮನಿಗೆ ಗೊತ್ತಿದ್ದೂ ಬರಲಿಲ್ಲವೆಂದು ತಿಳಿದುಕೊಂಡಳೋ ಏನೋ. ಅದನ್ನು ನಾನು ಯೋಚಿಸಲೂ ಹೋಗಲಿಲ್ಲ. ಸಿಟ್ಟಿದ್ದಾಗ ಯೋಚನೆ ಎಲ್ಲಿರುತ್ತದೆ?

ಅಮಾವಾಸ್ಯೆಯ ಬೆಳಿಗ್ಗೆ ಮಾವ ಬಂದರು. ಗೋಣಿಚೀಲವಿಲ್ಲ. ಕಬ್ಬಿಣವಿಲ್ಲ. ಕೈಯಲ್ಲೊಂದು ಪ್ಲಾಸ್ಟಿಕ್ ಕವರು, ಕವರಿನಲ್ಲಿ ಒಂದು ಸೀರೆ. ಅಂಗಡಿಯ ಚೀಟಿಯನ್ನೂ ಕಿತ್ತಿರಲಿಲ್ಲ. ಇಷ್ಟು ವರ್ಷ ನಾನು ದೇವರಲ್ಲಿ ಬೇಡಿಕೊಂಡಿದ್ದು ಇದನ್ನೇ ತಾನೇ? ಸಂತೋಷವಾಗಬೇಕಿತ್ತು. ಆಗಲಿಲ್ಲ. ಮಾವ ಸೀರೆಯನ್ನು ಮೇಜಿನ ಮೇಲಿಟ್ಟು ನೆಂಟರ ಹಾಗೆ ಕುರ್ಚಿಯ ತುದಿಯಲ್ಲಿ ಕೂತರು.

"ಮೊನ್ನೆ ಮಂಡಿಪೇಟ್ಯಾಗ ಬೋಲ್ಟ್ ತರಾಕ ಹೋಗಿದ್ದೆ" ಅಂದರು. "ಸಾಹೇಬ್ರು, ಅಕ್ಕ ಈಗ ಹೆಂಗದಾರ ಅಂತ ನನ್ನನ್ನ ಕೇಳಿದ್ರು. ನನಗ ಏನ್ ಹೇಳಬೇಕಂತ ತಿಳೀಲಿಲ್ಲ ನೋಡು."

ಅಷ್ಟೇ. ದನಿ ಏರಿಸಲಿಲ್ಲ. ತಪ್ಪು ನನ್ನದು, ತಲೆ ತಗ್ಗಿಸಬೇಕಾದವಳು ನಾನು. ಆದರೆ ನನಗೆ ಬಂದದ್ದು ಸಿಟ್ಟು! ಹೇಗೆ ಹೇಳಲಿ ನಿಮಗೆ ಎಂದು ಶುರು ಮಾಡಿದೆ. ಒರಳು, ರಾಟೆ, ಆಳೆತ್ತರದ ಮಂಚ, ಅಟ್ಟದ ಮೇಲಿನ ಆ ಹೆಸರಿಲ್ಲದ ವಸ್ತು, ಒಂದನ್ನೂ ಬಿಡದೆ ಜಾಡಿಸಿದೆ. ಜಾಡಿಸುತ್ತಾ ಜಾಡಿಸುತ್ತಾ ಒಂದೂವರೆ ತಿಂಗಳಿಂದ ಒಳಗೆ ತುಂಬಿಕೊಂಡಿದ್ದೂ ಹೊರಗೆ ಬಂತು.

"ಅವ್ವಗ ಹಾಸಿಗಿಯಿಂದ ಏಳಾಕ ಆಗಂಗಿಲ್ಲ ಮಾವ. ದಿನಾ ಎಂಟು ಸಲ ನಾನೇ ಎತ್ತಬೇಕು, ನನ್ನ ಸೊಂಟ ಹೋಗೈತೆ. ನನಗ ತ್ರಾಸ ಆಗ್ತೈತಂತ ಆಕಿ ನೀರು ಕುಡಿಯೋದ ಬಿಟ್ಟಾಳ. ಕುಡಿದ್ರೆ ಬಚ್ಚಲಿಗೆ ಎಬ್ಬಿಸ್ಕೊಂಡು ಹೋಗಬೇಕಾಗ್ತೈತಂತ. ತುಟಿ ಒಡದಾವ. ಎಷ್ಟ್ ಹೇಳಿದ್ರೂ ಎರಡು ಗುಟುಕು ಕುಡಿದು ಸಾಕಂತಾಳ."

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಯಜಮಾನರಿಗೂ ಹೇಳಿರಲಿಲ್ಲ. ಮಾವ ಕಾಗದ ತೆಗೆಯಲಿಲ್ಲ. ಎದ್ದು ಅವ್ವನ ಕೋಣೆಗೆ ಹೋದರು.

ಅವ್ವ ತಮ್ಮನನ್ನು ನೋಡಿ, ಈಗ ಬಂದ್ಯಾ ಎಂದು ಮಾತ್ರ ಕೇಳಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. ನಿನ್ನ ಮಗಳು ನನಗೆ ತಿಳಿಸಿರಲಿಲ್ಲ ಎಂದು ಮಾವ ಒಂದು ಮಾತು ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ಕೆಲಸ ಇತ್ತಕ್ಕ, ತಡ ಆತು ಅಂದರು. ನನ್ನ ಸುಳ್ಳನ್ನು ತಮ್ಮ ತಲೆಯ ಮೇಲೆ ಹಾಕಿಕೊಂಡರು.

ಆಮೇಲೆ ಮಂಚದ ಪಕ್ಕ ಗೋಡೆಗೆ ಒರಗಿ ನಿಂತು ತಮ್ಮ ತೋಳನ್ನು ಅಡ್ಡ ಚಾಚಿದರು. "ಅಕ್ಕ, ನನ್ನ ಕೈ ಹಿಡಕೊಂಡು ಏಳು." ಅವ್ವ ಹಿಡಿದು ಎಳೆದಳು. ಆಗಲಿಲ್ಲ. ಮಾವ ಕೈಯನ್ನು ಒಂದು ಗೇಣು ಕೆಳಗಿಳಿಸಿದರು. ಆಗಲಿಲ್ಲ. ಸ್ವಲ್ಪ ಮುಂದೆ ತಂದರು, ಓರೆ ಮಾಡಿದರು. ಹೀಗೆ ಎಷ್ಟು ಸಲವೋ! ಒಂದು ಸಲ ಅವ್ವನ ಪೃಷ್ಠ ಹಾಸಿಗೆಯಿಂದ ಮೇಲೆದ್ದಿತು. ಮಾವ ಅಲ್ಲಾಡದೆ, ಕಿವಿಯ ಸಂದಿಯ ಪೆನ್ಸಿಲನ್ನು ಇನ್ನೊಂದು ಕೈಯಿಂದ ತೆಗೆದು, ತಮ್ಮ ತೋಳು ಇದ್ದ ಜಾಗಕ್ಕೆ ಗೋಡೆಯ ಮೇಲೆ ಗೆರೆ ಎಳೆದರು. ಹೋಳಿಗೆಗೆ ಎಲೆ ಹಾಕಿದ್ದೆ. ಊಟಕ್ಕೂ ನಿಲ್ಲದೆ ಹರಿಹರದ ಬಸ್ಸಿಗೆ ಹೊರಟುಹೋದರು.

ಪಾಡ್ಯದ ಬೆಳಿಗ್ಗೆ ಪೈಪು ಹೊತ್ತುಕೊಂಡು ಬಂದರು. ಜೊತೆಗೆ ಡ್ರಿಲ್ಲಿಂಗ್ ಮಷೀನು ಹಿಡಿದು ಮಂಡಿಪೇಟೆಯ ಸಾಹೇಬರೂ ಬಂದಿದ್ದರು. ಬೋಲ್ಟ್ ಕೊಳ್ಳಲು ಹೋದ ಮಾವನಿಂದ ವಿಷಯ ತಿಳಿದು ಅಂಗಡಿಯ ಬಾಗಿಲು ಹಾಕಿ ಬಂದಿದ್ದಾರೆ, ಯಾರೂ ಕರೆದಿರಲಿಲ್ಲ. ಇಬ್ಬರೂ ಸೇರಿ ನನ್ನ ಹೊಸ ಬಣ್ಣದ ಗೋಡೆಗೆ, ಆ ಪೆನ್ಸಿಲ್ ಗೆರೆಯ ಗುಂಟ, ಎಂಟು ತೂತು ಕೊರೆದು ಪೈಪು ಕೂರಿಸಿದರು. ನಾಲ್ಕು ಸಾಲದೇ ಎಂದೆ, ಯಾರೂ ಕೇಳಿಸಿಕೊಳ್ಳಲಿಲ್ಲ. ಹಸಿರು ಬಣ್ಣ, ಅದೇ ಕಾರ್ಖಾನೆಯ ಹಸಿರು! ಆ ಗೋಡೆ ಬಿದ್ದರೂ ಪೈಪು ಬೀಳುವುದಿಲ್ಲ. ತಣ್ಣನೆಯ ಕಬ್ಬಿಣ ಅಂಗೈಗೆ ತಾಗಬಾರದೆಂದು ಮಾವ ಅವ್ವನ ಹಳೆಯ ನೂಲಿನ ಸೀರೆ ಕೇಳಿ, ಪಟ್ಟಿ ಪಟ್ಟಿಯಾಗಿ ಹರಿದು, ಅರ್ಧ ಗಂಟೆ ಕೂತು ಒತ್ತೊತ್ತಾಗಿ ಸುತ್ತಿದರು. ಕೊನೆಯ ಸುತ್ತನ್ನು ಸೂಜಿ ದಾರದಲ್ಲಿ ಹೊಲಿದರು. ಫಿಟ್ಟರ್ ಕೈಯಲ್ಲಿ ಸೂಜಿ ನಿಲ್ಲುತ್ತಿರಲಿಲ್ಲ. ನಾನು ಹೊಲಿಯುತ್ತೇನೆ ಅಂದರೂ ಕೊಡಲಿಲ್ಲ.

ಅವ್ವ ಹಿಡಿದಳು. ಎದ್ದಳು. ನಾನು ಅಭ್ಯಾಸಬಲದಿಂದ ಓಡಿ ಹೋಗಿ ಕಂಕುಳಿಗೆ ಕೈ ಕೊಡಲು ನೋಡಿದೆ. ಬ್ಯಾಡ ಬಿಡು ಅಂದಳು. ಕೂತಳು. ತಾನೇ ಮತ್ತೆ ಎದ್ದಳು. ಸಾಹೇಬರು ಮುಖ ಆ ಕಡೆ ತಿರುಗಿಸಿ ಮಷೀನಿನ ವೈರು ಸುತ್ತತೊಡಗಿದರು. ಮಾವ ಬೋಲ್ಟುಗಳನ್ನು ಒಂದೊಂದಾಗಿ ಮತ್ತೆ ಬಿಗಿ ಮಾಡುತ್ತಾ ನಿಂತರು. ಅಕ್ಕನ ಮುಖ ನೋಡುವ ಧೈರ್ಯ ಅವರಿಗೂ ಇರಲಿಲ್ಲ.

ಹಬ್ಬದ ದಿನ ಹಿರಿಯರ ಕಾಲಿಗೆ ಬೀಳುವುದು ನಮ್ಮಲ್ಲಿ ಪದ್ಧತಿ. ಪ್ರತಿ ವರ್ಷ ಗೊಣಗುತ್ತಾ ಬೀಳುತ್ತಿದ್ದೆ. ಆ ದಿನ ಮಾವನ ಕಾಲು ಹಿಡಿದವಳಿಗೆ ಬೇಗ ಏಳಲು ಆಗಲಿಲ್ಲ. ನನಗೆ ಅಳು ಬಂದಿತ್ತು. ಏಳವ್ವ, ಹೋಳಿಗೆ ಆರ್ತಾವ ಅಂದರು ಮಾವ.

ಅಷ್ಟರಲ್ಲಿ ಅವ್ವ ನೀರು ಕೇಳಿದಳು. ಎಂದಿನಂತೆ ಲೋಟದಲ್ಲಿ ಎರಡು ಗುಟುಕು ತಂದೆ. ಅದನ್ನು ನೋಡಿ, "ಇದೇನು, ಚೊಂಬು ತುಂಬ ತಾ" ಎಂದಳು. ತಂದುಕೊಟ್ಟೆ. ಒಂದು ಕೈಯಲ್ಲಿ ಪೈಪು ಹಿಡಿದುಕೊಂಡು, ನಿಂತುಕೊಂಡೇ, ಪೂರ್ತಿ ಕುಡಿದಳು.