ಅವ್ವನ ಮೈ ಬಿಸಿ ಬಲ್ಲ ಏಸಿ

ನಾನು ಮೊದಲೇ ಹೆದರುಪುಕ್ಕ. ಅದು ನಮ್ಮ ಮನೆಗೂ ಗೊತ್ತಾಗಿದೆಯೋ ಏನೋ, ನನ್ನ ಜೀವ ಬಾಯಿಗೆ ಬರುವಂಥದ್ದು ಅಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ. ಹೋದ ಬೇಸಿಗೆಯಲ್ಲಿ ಅವ್ವ ಸೆಖೆ ತಾಳಲಾರದೆ ಅಡುಗೆಮನೆಯಲ್ಲಿ ಎಚ್ಚರ ತಪ್ಪಿ ಬಿದ್ದಳು. ಇನ್ನೊಮ್ಮೆ ಹೀಗಾದರೆ ಉಳಿಯುವುದು ಕಷ್ಟ ಎಂದರು ಡಾಕ್ಟರು. ಹಗಲು ನಾನು ನಾಂಪಲ್ಲಿಯ ಆಫೀಸಿನಲ್ಲಿ, ಹೆಂಡತಿ ಶಾಲೆಯಲ್ಲಿ. ಕಾಚಿಗುಡದ ಮನೆಯಲ್ಲಿ ಅವ್ವ ಒಬ್ಬಳೇ. ಅದಕ್ಕೇ ಹೊಸ ಥರದ ಏಸಿ ಹಾಕಿಸಿದೆ. ಅವ್ವನ ಮುಂಗೈಗೊಂದು ಪಟ್ಟಿ. ಅದು ಮೈ ಬಿಸಿ ನೋಡುತ್ತದೆ, ಏಸಿ ಅದಕ್ಕೆ ತಕ್ಕಂತೆ ತಾನೇ ಚಾಲೂ ಆಗುತ್ತದೆ, ಹೆಚ್ಚುಕಡಿಮೆಯಾದರೆ ನನ್ನ ಮೊಬೈಲು ಕೂಗುತ್ತದೆ.

೧

ಮೊದಲ ದಿನವೇ ಅವ್ವನ ಫೋನ್ ಬಂತು, ಪಿಸುದನಿಯಲ್ಲಿ.

“ಲಗೂನ ಬಾರೋ. ಮನ್ಯಾಗ ಯಾರೋ ಅದಾರ. ಏಸಿ ತಾನ ಚಾಲೂ ಆತು.”

ಕಳ್ಳನೇ ಇರಬೇಕೆಂದು ಕುರ್ಚಿಯಿಂದ ಎದ್ದುಬಿಟ್ಟೆ. ಆಮೇಲೆ ನೆನಪಾಯಿತು. “ಯಾರೂ ಇಲ್ಲವ್ವ. ನಿನ್ನ ಮೈ ಬಿಸಿ ನೋಡಿ ಅದ ಚಾಲೂ ಆಗ್ತೈತಿ.”

“ಅಂದ್ರ ಅದು ನನ್ನ ನೋಡಾಕತ್ತೈತಿ?”

“ಹೌದವ್ವ.”

ಸಂಜೆ ಬಂದು ನೋಡಿದರೆ, ಮಾವನವರು ಎದುರಿಗೆ ಕೂತಿದ್ದಾರೇನೋ ಅನ್ನುವಂತೆ ಅವ್ವ ತಲೆ ತುಂಬ ಸೆರಗು ಹೊದ್ದು ಓಡಾಡುತ್ತಿದ್ದಳು. “ಸೆಖಿ ಆಗಂಗಿಲ್ಲೇನವ್ವ?” ಎಂದೆ.

“ಆಗ್ತೈತಿ. ಆದ್ರ ಅದರ ಮುಂದ ಬರೇ ತಲ್ಯಾಗ ಹೆಂಗ ಅಡ್ಡಾಡ್ಲಿ?”

೨

ಮಧ್ಯಾಹ್ನದ ಊಟಕ್ಕೆ ಮೊದಲು ಅವ್ವನದು ಮಡಿಯ ಪೂಜೆ. ಆಗ ಅವಳು ಯಾರನ್ನೂ ಮುಟ್ಟುವುದಿಲ್ಲ, ಯಾರಿಂದಲೂ ಮುಟ್ಟಿಸಿಕೊಳ್ಳುವುದಿಲ್ಲ. ದಿನವಿಡೀ ಬೆವರು ಕುಡಿದ ಪಟ್ಟಿ ಮಡಿಗೆ ನಡೆದೀತೆ? ಸೀರೆಯ ಹಾಗೆ ಅದನ್ನೂ ತೊಳೆದು ಬಾಲ್ಕನಿಯ ಹಗ್ಗಕ್ಕೆ ಒಣಹಾಕಿದಳು, ಚುರುಗುಟ್ಟುವ ಬಿಸಿಲಿಗೆ.

ಆಫೀಸಿನಲ್ಲಿ ನನ್ನ ಮೊಬೈಲು ಕೂಗಿತು. ಅವ್ವನ ಮೈ ಸುಡುತ್ತಿದೆಯಂತೆ! ಸಾಹೇಬರಿಗೂ ಹೇಳದೆ ಓಡಿದೆ. ಬಾಗಿಲು ತೆಗೆದರೆ ಒಳಗೆ ಹಿಮದಂಥ ಗಾಳಿ. ಅವ್ವ ದೇವರ ಮುಂದೆ ಹಲ್ಲು ಕಟಕಟಿಸುತ್ತ ಕೂತಿದ್ದಳು.

“ಬಂದ್ ಮಾಡಬಾರದೇನವ್ವ?”

“ಮಡ್ಯಾಗ ರಿಮೋಟ್ ಮುಟ್ಟಲೇನು? ಅಲ್ಲೋ, ನಾ ನಡುಗಾಕತ್ತೀನಿ, ನೀ ಯಾಕ ಬೆವರಾಕತ್ತಿ?”

೩

“ಇನ್ನ ಬಿಸಲಿಗೆ ಹಾಕಬ್ಯಾಡ, ತಂಪಿದ್ದಲ್ಲಿ ಇಡು” ಎಂದು ಹೇಳಿದವನು ನಾನೇ.

ಮೇ ತಿಂಗಳ ಮಧ್ಯಾಹ್ನ ಮತ್ತೆ ಮೊಬೈಲು ಕೂಗಿತು. ಈ ಸಲ ಅವ್ವನ ಮೈ ತಣ್ಣಗಾಗುತ್ತಿದೆ, ಇನ್ನೂ ತಣ್ಣಗಾಗುತ್ತಲೇ ಇದೆ. ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಇಂಥ ಭಯ ನಾನು ಜನ್ಮದಲ್ಲಿ ಪಟ್ಟಿರಲಿಲ್ಲ. ಆಟೋ ಕೋಠಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿತ್ತು. “ಕ್ಯಾ ಹುವಾ ಸಾಬ್?” ಎಂದು ವಿಚಾರಿಸಿದ ಆಟೋದವನ ಕೈಗೆ ದುಡ್ಡು ತುರುಕಿದೆ. ಇಳಿದು ಆ ಬಿಸಿಲಲ್ಲಿ ಅಳುತ್ತಲೇ ಓಡಿದೆ. ಲಿಫ್ಟ್ ಕೆಟ್ಟಿತ್ತು. ಮೆಟ್ಟಿಲು ಹತ್ತಿ ಬಾಗಿಲು ಬಡಿದೆ.

ಮಡಿಸೀರೆಯಲ್ಲಿ ಅವ್ವ ಬಾಗಿಲು ತೆಗೆದಳು. “ಯಾಕೋ? ಪೂಜಿಯೊಳಗ ಫೋನ್ ಎತ್ತಂಗಿಲ್ಲಂತ ಗೊತ್ತಿಲ್ಲೇನು?”

“ಪಟ್ಟಿ ಎಲ್ಲೈತಿ?”

“ನೀನ ತಂಪಿದ್ದಲ್ಲಿ ಇಡು ಅಂದಿದ್ದಿ, ಫ್ರಿಜ್ಜಿನ್ಯಾಗ ಐತಿ.”

ನಗಬೇಕೆಂದು ಬಾಯಿ ತೆರೆದೆ. ಕಣ್ಣು ಕತ್ತಲಿಟ್ಟು ಹೊಸ್ತಿಲಲ್ಲೇ ಕುಸಿದೆ.

ಈಗ ಹೆದರುವ ಸರದಿ ಅವ್ವನದು. ಮಡಿ ಗಿಡಿ ಎಲ್ಲ ಮರೆತು, ಬೀದಿಯ ಧೂಳು ಮೆತ್ತಿದ ನನ್ನನ್ನು ಒಳಗೆ ಎಳೆದು ಮಲಗಿಸಿದಳು. ಏಸಿ ಚಾಲೂ ಆಗಲೆಂದು ಫ್ರಿಜ್ಜಿನಿಂದ ಪಟ್ಟಿ ತಂದು ನನ್ನ ಕೈಗೆ ಕಟ್ಟಿದಳು. ನನ್ನ ತಲೆ ತೊಡೆಯ ಮೇಲಿಟ್ಟುಕೊಂಡು ಮುಖಕ್ಕೆ ನೀರು ಹಾಕಿ, ನೀರು ಕುಡಿಸಿ, ಸೆರಗಿನಿಂದ ಗಾಳಿ ಬೀಸುತ್ತ, “ಕಣ್ಣ ತಗಿಯೋ ನನ್ನಪ್ಪಾ” ಎಂದು ಅತ್ತಳು. ಸ್ವಲ್ಪ ಹೊತ್ತಿಗೆ ಪಟ್ಟಿಗೆ ನನ್ನ ಮೈ ಬಿಸಿ ತಿಳಿಯಿತು, ಏಸಿ ಭರ್ರೆಂದಿತು. ನಾನು ಮೆಲ್ಲಗೆ ಕಣ್ಣು ಬಿಟ್ಟೆ.

ಅಷ್ಟರಲ್ಲಿ ನನ್ನ ಜೇಬಿನ ಮೊಬೈಲು ಕೂಗಿತು. ತೆಗೆದು ನೋಡಿದೆ. ಅವ್ವನ ಮೈ ಕೆಂಡವಾಗಿದೆ, ಕೂಡಲೇ ಹೋಗಿ!

“ಅಯ್ಯೋ ಅವ್ವಾ!” ಎಂದು ಚೀರಿ, ಅವ್ವನ ತೊಡೆಯಿಂದ ಎದ್ದು, ಬರಿಗಾಲಲ್ಲಿ ಹೊರಗೋಡಿದೆ. ಒಂದು ಮಹಡಿ ಇಳಿದಿದ್ದೆ, ಮೇಲಿಂದ ಕೂಗು ಕೇಳಿತು.

“ಲೇ ಹುಚ್ಚಪ್ಪಾ, ಎಲ್ಲಿಗೆ ಹೊಂಟಿ? ನಾ ಇಲ್ಲೇ ಅದೀನಿ!”