ಕಣಕುಂಬಿ ಮನೆಯ ಬಾಗಿಲು

ಸಿನಿಮಾ ಹಾಡುಗಳಿಂದ ಕೆಡದ ಮನುಷ್ಯ ಬೆಳಗಾವಿಯಲ್ಲಿ ಒಬ್ಬನೇ ಒಬ್ಬ ಇದ್ದಾನೆ, ಅವನು ನಾನೇ ಎಂದು ಈ ಮಳೆಗಾಲದವರೆಗೂ ನಂಬಿದ್ದೆ. ನಂಬಿಕೆಗೆ ಕಾರಣವೂ ಇತ್ತು. ಕೆಡವಿದ ಹಳೆಯ ಮನೆಗಳ ಬಾಗಿಲು, ಕಿಟಕಿ, ಕಂಬಗಳನ್ನು ಕೊಂಡು ಮಾರುವುದು ನನ್ನ ದಂಧೆ. ಅನಗೋಳದಲ್ಲಿ ಒಂದು ಶೆಡ್ಡು ಇದೆ. ಅಪ್ಪ ಮಾಡಿಟ್ಟದ್ದಲ್ಲ, ಒಂದು ಮುರುಕು ಕಿಟಕಿಯಿಂದ ಶುರುಮಾಡಿ ನಾನೇ ಕಟ್ಟಿದ್ದು. ಇಂಥ ದಂಧೆಯವನು ಯಾರ ಮಾತು ಕೇಳಿದರೂ ಮೊದಲು ಬೆರಳಿನಿಂದ ತಟ್ಟಿ ನೋಡುತ್ತಾನೆ: ಒಳಗೆ ಗೆದ್ದಲು ಹತ್ತಿದೆಯೋ ಇಲ್ಲವೋ?

ಹಾಡುಗಳನ್ನೂ ಹಾಗೇ ತಟ್ಟಿ ನೋಡುತ್ತಿದ್ದೆ. ನಾಯಕನಾದವನು ನಾಯಕಿಗೆ ಚಂದ್ರನನ್ನೇ ತಂದುಕೊಡುವುದಾಗಿ ಹಾಡುತ್ತಾನೆ. ಸರಿ, ಸಾಗಣೆ ಖರ್ಚು ಯಾರದು? ಹಾಡಿನಲ್ಲಿ ಇರುವುದಿಲ್ಲ. ಒಬ್ಬ ಗಿರಾಕಿ ನನ್ನ ಶೆಡ್ಡಿಗೆ ಬಂದು, "ಮಲಗಾಕ ಹೋದ್ರ ಚಂದ್ರ ಕಾಣಬೇಕ್ರಿ, ಅಂಥಾ ಕಿಟಕಿ ಕೊಡ್ರಿ," ಎಂದ. ಅವನ ಮನೆಯ ಎರಡೂ ಬಾಜು ಮೂರು ಮಹಡಿಯ ಕಟ್ಟಡಗಳು. ಎಲ್ಲಿಂದ ಬಂತು ಈ ಆಸೆ? ಹಾಡಿನಿಂದ! ಅವನಿಗೆ ಅರ್ಧ ಗಂಟೆ ಉಪದೇಶ ಮಾಡಿದೆ. ಆಮೇಲೆ ಕಿಟಕಿಯನ್ನೂ ಮಾರಿದೆ.

ಮನೆಯಲ್ಲಿ ಮಾತ್ರ ನನ್ನ ಉಪದೇಶಕ್ಕೆ ಗಿರಾಕಿ ಇರಲಿಲ್ಲ. ನನ್ನ ಹೆಂಡತಿ ಸುವರ್ಣಾ ರೊಟ್ಟಿ ಬಡಿಯುವಾಗ ಮೊಬೈಲಿನಲ್ಲಿ ಹಾಡು ಹಚ್ಚಿಕೊಂಡೇ ಬಡಿಯುತ್ತಾಳೆ.

"ಆ ಹಾಡು ತಲಿ ಕೆಡಸ್ತಾವ. ಇಲ್ಲದ ಆಸೆ ಹುಟ್ಟಸ್ತಾವ," ಎಂದು ಎಚ್ಚರಿಸಿದೆ.

"ಲಗ್ನ ಆಗಿ ಇಪ್ಪತ್ನಾಕು ವರ್ಷ ಆತು. ನಾ ಏನರೆ ಬೇಡೇನೇನ್ರಿ?"

"ಇಲ್ಲ."

"ಹಂಗಾರ ತಲಿ ಕೆಟ್ಟಿಲ್ಲ. ರೊಟ್ಟಿ ಆರತೈತಿ, ಉಣ್ರಿ."

ಹೀಗಿರುವಾಗ ಖಾನಾಪುರದಲ್ಲಿ ಸುವರ್ಣಾಳ ತಂಗಿಯ ಮಗನ ಮದುವೆ ಬಂತು. ನಮ್ಮ ಮನೆಯಿರುವ ಶಿವಬಸವ ನಗರದಿಂದ ನಾವು ಹದಿನಾಲ್ಕು ಮಂದಿ ಒಂದು ಟೆಂಪೋದಲ್ಲಿ ಹೊರಟೆವು. ಡ್ರೈವರನ ಪೆನ್‌ಡ್ರೈವಿನಲ್ಲಿ ಇದ್ದದ್ದು ಒಂದೇ ಹಾಡು. ಖಾನಾಪುರ ಮುಟ್ಟುವಷ್ಟರಲ್ಲಿ ಅದು ಒಂಬತ್ತು ಸಲ ಬಂತು. ಕಾಡು, ಕಾಡಿನಲ್ಲೊಂದು ಹೊಳೆ, ಹೊಳೆಯ ದಂಡೆಗೆ ಪುಟ್ಟ ಮನೆ, ಮನೆಯಲ್ಲಿ ಅವನು ಮತ್ತು ಅವಳು. ಇಷ್ಟೇ ಅದರ ತಾತ್ಪರ್ಯ. ಮೊದಲನೆಯ ಸಲ ನಾನು ಗಟ್ಟಿಯಾಗಿ, "ಅಲ್ಲಿಗೆ ಗ್ಯಾಸ್ ಸಿಲಿಂಡರ್ ಯಾರ್ ತಂದ್ಕೊಡ್ತಾರ?" ಎಂದು ಕೇಳಿದೆ. ಎಲ್ಲರೂ ನಕ್ಕರು. ಐದನೆಯ ಸಲಕ್ಕೆ ಸುಮ್ಮನಾದೆ. ಒಂಬತ್ತನೆಯ ಸಲಕ್ಕೆ ನನ್ನ ಬಲಗಾಲಿನ ಹೆಬ್ಬೆರಳು ನನ್ನ ಅನುಮತಿಯನ್ನೇ ಪಡೆಯದೆ ತಾಳ ಹಾಕುತ್ತಿತ್ತು. ಆಗಲೇ ಎಚ್ಚರಾಗಬೇಕಿತ್ತು. ಗೆದ್ದಲು ಹತ್ತುವುದು ಯಾವಾಗಲೂ ಕೆಳಗಿನಿಂದ!

ಅಕ್ಕಿಕಾಳು ಬಿತ್ತು, ಊಟವಾಯಿತು, ಮದುಮಕ್ಕಳು ಮನೆ ಹೊಗುವ ಹೊತ್ತಾಯಿತು. ಮದುಮಗನ ತಂಗಿ ಅಶ್ವಿನಿ ಬಾಗಿಲಿಗೆ ಅಡ್ಡ ನಿಂತಳು. ನಮ್ಮ ಕಡೆ ಒಡಪು ಹೇಳದೆ ಒಳಗೆ ಬಿಡುವುದಿಲ್ಲ. ಗಂಡ ಹೆಂಡತಿಯ ಹೆಸರನ್ನು, ಹೆಂಡತಿ ಗಂಡನ ಹೆಸರನ್ನು ಪ್ರಾಸ ಕಟ್ಟಿ ಹೇಳಬೇಕು. ಮದುಮಗಳು ಕನ್ನಡದಲ್ಲೊಂದು, ಓಣಿಯವರಿಗಾಗಿ ಮರಾಠಿಯಲ್ಲೊಂದು ಪಟಪಟನೆ ಹೇಳಿ ಮುಗಿಸಿದಳು. ಮದುಮಗ ಬೆವರತೊಡಗಿದ. ಬೆವರುವವನನ್ನು ಕಂಡರೆ ಸಲಹೆ ಕೊಡದೆ ಇರುವುದು ನನ್ನಿಂದಾಗದು.

"ಹೆದರಬ್ಯಾಡೋ. ಬಾಯಿಗಿ ಬಂದದ್ದು ಹೇಳಿ ಬಿಡು. ಒಡಪಿಗೇನು ರಸೀದಿ ಕೊಡಬೇಕಾಗಿಲ್ಲ," ಎಂದೆ.

ಅಶ್ವಿನಿ ನನ್ನ ಕಡೆ ತಿರುಗಿದಳು. "ದೊಡ್ಡಪ್ಪಾ, ಬುದ್ಧಿ ಹೇಳಾವ್ರು ಮೊದಲ ನೀವ ಹೇಳ್ರಿ! ದೊಡ್ಡವ್ವನ ಹೆಸರು ತಗೊಳ್ಳಲಾರದ ನಿಮಗೂ ಒಳಗ ಬಿಡಂಗಿಲ್ಲ."

ಓಣಿಯ ಮೊಬೈಲುಗಳೆಲ್ಲ ಮೇಲೆದ್ದವು. ನಮ್ಮ ಮದುವೆಯಲ್ಲಿ ನಾನು ಬರೀ ಹೆಸರು ಹೇಳಿ, ಪ್ರಾಸವನ್ನು ಆಮೇಲೆ ಕೊಡುತ್ತೇನೆಂದು ಒಳಗೆ ನುಗ್ಗಿದವನು. ಈಗ ನುಗ್ಗಲು ದಾರಿಯಿರಲಿಲ್ಲ. ಬಾಯಿ ತೆರೆದೆ. ಬಂದ ಮಾತು ನನ್ನದಲ್ಲ, ಟೆಂಪೋದ್ದು:

"ಕಣಕುಂಬಿ ಕಾಡಿನಾಗ, ಹೊಳಿ ದಂಡಿ ಮ್ಯಾಲ ಕಟ್ಟತೇನಿ ಮನಿ,
ನಮ್ಮ ಸುವರ್ಣಾ ಅಂದ್ರ ಖರೇನ ಜೇನಿನ ಹನಿ!"

ಶಿಳ್ಳೆಯೋ ಶಿಳ್ಳೆ! ಸುವರ್ಣಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳ ಮುಖ ಆ ಬಣ್ಣಕ್ಕೆ ತಿರುಗಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಅಲ್ಲಿಗೇ ನಾನು ಬಾಯಿ ಮುಚ್ಚಿಕೊಂಡಿದ್ದರೆ ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಬಾಜು ಮನೆಯ ಕಟ್ಟೆಯ ಮೇಲೆ ದಸ್ತಗೀರ್ ಚಾಚಾ ಕುಳಿತಿದ್ದರು. ಅವರ ಹಳೆಯ ಮನೆ ಕೆಡವಿದಾಗ ಉಳಿಸಿಕೊಂಡ ಒಂದು ಸಾಗವಾನಿ ಬಾಗಿಲು ಹಿತ್ತಲಿನಲ್ಲಿತ್ತು. ಚೌಕಟ್ಟಿನ ತುಂಬ ಬಳ್ಳಿ, ಬಳ್ಳಿಯ ತುಂಬ ಹೂವು. ಎಂಟು ತಿಂಗಳಿಂದ ನಾನು ಅದರ ಬೆನ್ನು ಹತ್ತಿದ್ದೆ. ಹೋದಾಗಲೆಲ್ಲ ಚಾಚಾ ಚಹಾ ಕುಡಿಸಿ ಬರಿಗೈಲಿ ಕಳಿಸುತ್ತಿದ್ದರು. "ಮಾರಾವಗ ಕೊಡಂಗಿಲ್ಲ ಬಸಣ್ಣ. ನೀ ಒಯ್ದು ಯಾವದರ ಹೋಟೆಲಿಗೆ ಹಚ್ಚತಿ. ನನ್ನ ಅಮ್ಮೀ ಆ ಬಾಗಲದಾಗ ನಿಂತು ನನ್ನ ಸಾಲಿಗೆ ಕಳಸ್ಯಾಳ." ಅವರ ಸಂಶಯ ಆಧಾರರಹಿತವಾಗಿರಲಿಲ್ಲ. ಗೋವಾ ರಸ್ತೆಯ ಒಂದು ಹೋಟೆಲಿನವರು ಆ ಬಾಗಿಲಿಗಾಗಿ ನನಗೆ ವಾರಕ್ಕೆರಡು ಸಲ ಫೋನ್ ಮಾಡುತ್ತಿದ್ದರು.

ಚಾಚಾ ಕೈಮಾಡಿ ಕರೆದರು. ಅವರ ಕಣ್ಣು ಒದ್ದೆಯಾಗಿತ್ತು.

"ವಾಹ್ ಬಸಣ್ಣ, ಕ್ಯಾ ಬಾತ್! ಹೆಂಡ್ತಿ ಸಲುವಾಗಿ ಕಾಡಾಗ ಮನಿ! ನನ್ನ ಬಾಗಲಾ ಆ ಮನಿಗೆ ಒಯ್ಯಿ."

"ಅದು ಬರೇ ಒಡಪರಿ ಚಾಚಾ" ಎನ್ನಬೇಕಾಗಿದ್ದ ಜಾಗದಲ್ಲಿ ನನ್ನ ವ್ಯಾಪಾರಿ ನಾಲಿಗೆ, "ಜಾಗಾ ನೋಡೇನ್ರಿ ಚಾಚಾ, ಪಾಯಾ ತೋಡೂದು ಅಷ್ಟ ಉಳದೈತಿ," ಎಂದಿತು!

ಚಾಚಾ ಬಾಗಿಲನ್ನು ಕಟ್ಟಿಗೆಯ ದರಕ್ಕೆ ಕೊಟ್ಟರು. ಹಾಕಿದ್ದು ಒಂದೇ ಕರಾರು. "ಬಾಗಲಾ ಕೂಡಸೂ ದಿನಾ ನನ್ನ ಕರೀಬೇಕು. ನನ್ನ ಕೈಲೆ ಅತ್ತರ ಹಚ್ಚಾವ ನಾ. ಮಾತಿಗೆ ತಪ್ಪಿದಿ ಅಂದ್ರ ಖಾನಾಪುರದಾಗ ನಿನಗ ಒಂದು ಮೊಳಿನೂ ಸಿಗಂಗಿಲ್ಲ, ನೋಡ."

ಇದು ಬರೀ ಬೆದರಿಕೆಯಲ್ಲ. ಆ ಊರಲ್ಲಿ ಯಾರು ಹಳೆಯ ಮನೆ ಕೆಡವಿದರೂ ಸಾಮಾನು ಯಾರಿಗೆ ಕೊಡಬೇಕೆಂದು ಚಾಚಾರನ್ನೇ ಕೇಳುತ್ತಾರೆ. ನನ್ನ ಅರ್ಧ ದಂಧೆ ಅವರ ಒಂದು ಮಾತಿನ ಮೇಲೆ ನಿಂತಿದೆ. ಆದರೆ ಖುಷಿಯಲ್ಲಿದ್ದವನಿಗೆ ಕರಾರು ಕೇಳಿಸುವುದಿಲ್ಲ. ಹಾಡಿನಿಂದ ಲಾಭ ಮಾಡಿಕೊಂಡ ಮೊದಲ ಮನುಷ್ಯ ನಾನೇ ಎಂದು ಎದೆ ಉಬ್ಬಿಸಿ ಟೆಂಪೋ ಹತ್ತಿದೆ.

ಟೆಂಪೋದಲ್ಲಿ ಸುವರ್ಣಾ ಮೆಲ್ಲಗೆ ಕೇಳಿದಳು, "ಜಾಗಾ ನೋಡೀರಂತ. ನನಗ ಹೇಳಲೇ ಇಲ್ಲಲ್ರಿ?"

ಮನೆಗೆ ಬಂದ ಮೇಲೆ ನಿಜ ಹೇಳಿದೆ. "ಅದೆಲ್ಲಾ ವ್ಯಾಪಾರಕ್ಕ ಹೇಳಿದ್ದು."

"ಚಾಚಾಗ ಹೇಳಿದ್ದು ವ್ಯಾಪಾರಕ್ಕ. ಬಾಗಲದಾಗ ನಿಂತು ನನ್ನ ಹೆಸರು ತಗೊಂಡು ಹೇಳಿದ್ದು?"

ಉತ್ತರ ಹೊಳೆಯದಾಗ ನಾನು ಚೌಕಾಸಿಗೆ ಇಳಿಯುತ್ತೇನೆ. ಮನೆಯ ಬದಲು ಒಂದು ದಿನ ಗೋಕಾಕ ಫಾಲ್ಸ್ ಎಂದೆ. ಅವಳು ಸುಮ್ಮನಿದ್ದಳು. ಎರಡು ದಿನ ಗೋವಾ ಎಂದೆ. ಸುಮ್ಮನೇ ಇದ್ದಳು. ಗೋವಾದ ಜೊತೆಗೆ ಒಂದು ಇಳಕಲ್ ಸೀರೆ ಎಂದೆ. ಅವಳು ಎದ್ದು ಅಡುಗೆಮನೆಯ ಕಡೆಗೆ ನಡೆದಳು. ಬೆಲೆ ಇಳಿಯದಿದ್ದರೆ ಎದ್ದು ನಡೆಯಬೇಕು, ಅಂಗಡಿಯವನೇ ಹಿಂದಿನಿಂದ ಕರೆಯುತ್ತಾನೆ ಎಂಬ ವಿದ್ಯೆಯನ್ನು ಅವಳಿಗೆ ಮದುವೆಯಾದ ಹೊಸದರಲ್ಲಿ ನಾನೇ ಕಲಿಸಿದ್ದೆ.

"ಏ, ನಿಂದರ! ಏನಂತಿ ಹೇಳು!" ಎಂದು ಕರೆದವನೂ ನಾನೇ.

"ಒಂದ ಸಲ ಕಣಕುಂಬಿ ತೋರಸ್ರಿ. ಜಾಗಾ ಹೆಂಗೈತಿ ನೋಡೂಣು."

ತಕ್ಷಣ ಒಪ್ಪಿದೆ. ಇದರಲ್ಲಿ ನನ್ನ ತಂತ್ರವಿತ್ತು. ಹಾಡಿನಿಂದ ಹುಟ್ಟಿದ ಆಸೆಗೆ ಮಾಲನ್ನು ಕಣ್ಣಾರೆ ತೋರಿಸುವುದೇ ಮದ್ದು. ಜಡಿಮಳೆ, ಜಿಗಣೆ, ಸಿಗ್ನಲ್ ಇಲ್ಲದ ಮೊಬೈಲು. ಒಂದೇ ತಾಸಿನಲ್ಲಿ ಆಸೆ ಇಳಿಯುತ್ತದೆ!

ಮಾಲು ಸಾಗಿಸುವ ನನ್ನ ಗಾಡಿಯಲ್ಲೇ ಜಾಂಬೋಟಿ ದಾಟಿ ಹೋದೆವು. ಸುವರ್ಣಾ ಹೊರಡುವ ಮುಂಚೆ ಕಾಲಿಗೆ ಉಪ್ಪು, ಎಣ್ಣೆ ಸವರಿಕೊಂಡಳು. ನನಗೂ ಸವರಿಕೊಳ್ಳಲು ಹೇಳಿದಳು. ಆದರೆ ನಾನು ಸಲಹೆ ಕೊಡುವವನು, ತೆಗೆದುಕೊಳ್ಳುವವನಲ್ಲ. ಕಣಕುಂಬಿಯಲ್ಲಿ ಗಾಡಿ ಇಳಿದು ಹತ್ತು ನಿಮಿಷಕ್ಕೆ ನನ್ನ ಕಾಲಿಗೆ ಏಳು ಜಿಗಣೆ. ಅವಳ ಕಾಲಿಗೆ ಒಂದೂ ಇಲ್ಲ!

ಆದರೂ ತಂತ್ರ ಫಲಿಸಿತು. ಅವಳು ಕಾಡು ನೋಡಿದಳು, ಹೊಳೆ ನೋಡಿದಳು, ಕೊಡೆಯ ಕೆಳಗೆ ನಿಂತು ನಾಲ್ಕೂ ದಿಕ್ಕು ನೋಡಿದಳು. "ಭಾಳ ಛಂದ ಐತ್ರಿ. ಆದ್ರ ಕಾಯಿಪಲ್ಲೆ ಎಲ್ಲಿಂದ ತರೂದು? ಬಾಜೂಕ ಮಾತಾಡಾಕ ಯಾರದಾರ? ನೋಡಾಕ ಇದು ಬೇಷಿ, ಇರಾಕ ನಮ್ಮ ಶಿವಬಸವ ನಗರನ ಬೇಷಿ. ನೋಡಿದ್ನೆಲ್ಲ, ಸಾಕು. ನಡೀರಿ."

ಗೆದ್ದೆ! ಗೆದ್ದವನು ಗಾಡಿ ಹತ್ತಬೇಕಿತ್ತು. ಅಷ್ಟರಲ್ಲಿ ಮಳೆ ನಿಂತು, ಹೊಳೆಯ ಮೇಲಿನಿಂದ ಮಂಜು ಮೇಲೆದ್ದಿತು. ನನ್ನ ತಲೆಯೊಳಗೆ ಹಾಡು ಹತ್ತನೆಯ ಸಲ ಶುರುವಾಯಿತು. ಎದುರಿಗೆ ಒಂದು ಸಮತಟ್ಟು ಜಾಗ. ಇಲ್ಲಿ ಜಗುಲಿ, ಅಲ್ಲಿ ಕಿಟಕಿ, ನಡುವೆ ಚಾಚಾರ ಬಾಗಿಲು... ಆಸೆ ಬಿಡಿಸಲು ಬಂದವನ ಬಾಯಲ್ಲಿ ಜೊಲ್ಲು!

ಒಬ್ಬ ಎಮ್ಮೆಗಳನ್ನು ಹೊಡೆದುಕೊಂಡು ಬಂದ. ಆಸೆಯನ್ನು ತೋರಗೊಡದೆ, ಎತ್ತಲೋ ನೋಡುತ್ತಾ, "ಈ ಜಾಗಾ ಎಷ್ಟಕ್ಕ ಕೊಡ್ತೀರಿ?" ಎಂದು ಕೇಳಿದೆ. ಅವನು ಒಂದು ದರ ಹೇಳಿದ. ನಾನು ಹೌಹಾರಿದಂತೆ ನಟಿಸಿದೆ. ಜಾಗದಲ್ಲಿ ಕಲ್ಲು ಬಹಳ ಎಂದೆ, ರಸ್ತೆ ದೂರ ಎಂದೆ. ಎರಡು ಸಲ ಎದ್ದು ನಡೆದೆ, ಎರಡು ಸಲ ಅವನು ಕರೆದ. ಅರ್ಧ ತಾಸಿನಲ್ಲಿ ದರವನ್ನು ಅರ್ಧಕ್ಕೆ ಇಳಿಸಿದೆ. ಅದು ನನ್ನ ಜೀವಮಾನದ ಅತ್ಯುತ್ತಮ ಚೌಕಾಸಿ. ಇಂದಿಗೂ ಅದರ ಬಗ್ಗೆ ನನಗೆ ಅಭಿಮಾನವಿದೆ.

"ಆತು, ಕಾಗದಪತ್ರ ತೋರಸ್ರಿ," ಎಂದೆ.

"ಕಾಗದ ನನ್ನ ಕಡೆ ಎಲ್ಲೀವು, ಸಾಹೇಬ? ಜಾಗಾ ಫಾರೆಸ್ಟಿಂದು."

"ಮತ್ತ ದರಾ ಯಾಕ ಹೇಳಿದಿ?"

"ನೀವು ಕೇಳಾಕತ್ತಿದ್ರಿ, ನಾ ಹೇಳಾಕತ್ತಿದ್ನಿ. ಎಮ್ಮಿ ಮೇಯಾಕತ್ತಿದ್ವು, ನನಗೂ ಹೊತ್ತು ಹೋಗಬೇಕಲ್ರಿ?"

ಸುವರ್ಣಾ ಗಾಡಿಯಲ್ಲಿ ಜಾಂಬೋಟಿಯವರೆಗೂ ನಕ್ಕಳು. ಜಾಂಬೋಟಿ ದಾಟಿದ ಮೇಲೆ ನಗು ತಡೆದು, "ಗ್ಯಾಸ್ ಸಿಲಿಂಡರ್ ಯಾರ್ ತಂದ್ಕೊಡ್ತಾರಂತ ಅವನ್ನ ಕೇಳಬೇಕಿತ್ರಿ," ಎಂದು ಮತ್ತೆ ಶುರುಮಾಡಿದಳು.

ಇರಲಿ, ಆಸೆಗಳೆಲ್ಲ ಮುಗಿದವು. ಖಾನಾಪುರದಿಂದ ತಂದು ಶೆಡ್ಡಿನಲ್ಲಿಟ್ಟಿದ್ದ ಬಾಗಿಲು ಉಳಿಯಿತು. ಹೋಟೆಲಿನವರಿಗೆ ಸೋಮವಾರ ಬಂದು ಒಯ್ಯಲು ಹೇಳಿದೆ. ಗುರುತಿಗಾಗಿ ಚೌಕಟ್ಟಿನ ಮೇಲೆ ಸೀಮೆಸುಣ್ಣದಿಂದ ದೊಡ್ಡದಾಗಿ "ಹೋಟೆಲ್" ಎಂದು ಬರೆದೆ. ಚಾಚಾ ಕೇಳಿದರೆ ಪಾಯಾ ತೋಡಲು ಮಳೆ ಬಿಡುತ್ತಿಲ್ಲ ಎಂದರಾಯಿತು. ಬೇಸಿಗೆ ಬರುವಷ್ಟರಲ್ಲಿ ಬೇರೇನಾದರೂ ಹೊಳೆಯುತ್ತದೆ.

ಸೋಮವಾರ ಮಧ್ಯಾಹ್ನ ಸುವರ್ಣಾ ಡಬ್ಬಿ ತಂದಿದ್ದಳು. ನಾನು ಮೊದಲ ತುತ್ತು ಎತ್ತಿದೆ. ಶೆಡ್ಡಿನ ಮುಂದೆ ಆಟೋ ನಿಂತಿತು. ಇಳಿದವರು ಹೋಟೆಲಿನವರಲ್ಲ, ದಸ್ತಗೀರ್ ಚಾಚಾ!

"ಕಣ್ಣಿನ ದವಾಖಾನಿಗೆ ಬಂದಿದ್ನಿ. ಬಾಗಲಾ ನೋಡಿ ಹೋಗೂಣಂತ ಬಂದೆ," ಎಂದು ಒಳಗೆ ಬಂದವರು ಚೌಕಟ್ಟಿನ ಮುಂದೆ ನಿಂತರು. ಹೊಸ ಚಷ್ಮಾ ಏರಿಸಿ ನಿಧಾನವಾಗಿ ಓದಿದರು. "ಹೋ-ಟೆ-ಲ್. ಏನಪಾ ಬಸಣ್ಣ, ಕಾಡಿನ ಮನಿಗೆ ಇದೇನು ಹೆಸರು ಇಟ್ಟಿ?"

ನನ್ನ ಬಾಯಲ್ಲಿ ತುತ್ತಿತ್ತು. ಖಾನಾಪುರದ ಒಂದೊಂದೇ ಮನೆ, ಒಂದೊಂದೇ ಕಂಬ ನನ್ನ ಕಣ್ಣೆದುರಿನಿಂದ ಸಾಲಾಗಿ ದೂರ ಹೋಗುತ್ತಿದ್ದವು.

ಸುವರ್ಣಾ ಎದ್ದಳು. ಸೆರಗಿನಿಂದ ಆ ಅಕ್ಷರಗಳನ್ನು ಒರೆಸುತ್ತಾ ಹೇಳಿದಳು, "ಚಾಚಾ, ಕಣಕುಂಬಿಗೆ ಹೋಗಿ ನೋಡ್ಕೊಂಡು ಬಂದ್ವಿ. ಆ ಜಾಗಾ ಫಾರೆಸ್ಟಿಂದಂತ. ಅದಕ್ಕ ಬಾಗಲಾ ನಮ್ಮ ಮನಿಗೇ ಹಚ್ಚತೇವಿ. ಇವತ್ತ ಹಚ್ಚತೇವಿ. ನೀವೂ ಬಂದೀರಿ, ಛಲೋನ ಆತು."

ಅದರಲ್ಲಿ ಒಂದು ಸುಳ್ಳೂ ಇರಲಿಲ್ಲ. ಸುಳ್ಳಿಲ್ಲದೆ ಇಷ್ಟು ಬೇಗ ವ್ಯಾಪಾರ ಕುದುರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ!

"ಬೇಟಿ ಹೇಳಿದ್ಲಂದ್ರ ಮುಗೀತು," ಎಂದು ಚಾಚಾ ಕಿಸೆಯಿಂದ ಅತ್ತರಿನ ಶೀಸೆ ತೆಗೆದರು. ಆಮೇಲೆ ನನ್ನ ಕಡೆ ಒಂದು ನೋಟ ಬೀರಿದರು. ಹೊಸ ಚಷ್ಮಾದಲ್ಲಿ ಅವರಿಗೆ ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು.

ಹೋಟೆಲಿನವರನ್ನು ಬರಿಗೈಲಿ ಕಳಿಸಿದೆ. ಸಂಜೆಯೊಳಗೆ ನಮ್ಮ ಮನೆಯ ಹಳೆಯ ಬಾಗಿಲು ಕಿತ್ತು ಸಾಗವಾನಿ ಬಾಗಿಲು ಕೂಡಿಸಿದೆವು. ಚಾಚಾ ಅತ್ತರು ಹಚ್ಚಿದರು, ಓಣಿಯವರು ಪೇಡೆ ತಿಂದರು. ಎಲ್ಲರೂ ಹೋದ ಮೇಲೆ ಒಳಗೆ ಹೊರಟಾಗ ಒಂದು ಸಂಗತಿ ತಿಳಿದುಬಂತು. ಆ ಕಾಲದವರು ಬಾಗಿಲನ್ನು ಗಿಡ್ಡ ಮಾಡಿಸುತ್ತಿದ್ದರು. ಇದು ನನಗಿಂತ ನಾಲ್ಕು ಬೆರಳು ಗಿಡ್ಡ. ಸಾವಿರ ಬಾಗಿಲು ಅಳೆದು ಮಾರಿದವನು ಇದನ್ನು ಅಳೆಯಲಿಲ್ಲವೇ ಎಂದು ನೀವು ಕೇಳಬಹುದು. ಅಳೆದಿದ್ದೆ. ಆದರೆ ಮಾರುವ ಬಾಗಿಲಿನ ಅಳತೆಯನ್ನು ನನ್ನ ತಲೆಗೆ ಹೋಲಿಸಿ ನೋಡುವ ಪ್ರಮೇಯ ಬಂದಿರಲಿಲ್ಲ!

ಮೊನ್ನೆ ಎದುರು ಮನೆಗೆ ಹೊಸದಾಗಿ ಬಾಡಿಗೆಗೆ ಬಂದವರು ಬಾಗಿಲನ್ನು ಹೊಗಳಿ ಅದರ ಕಥೆ ಕೇಳಿದರು. ಮೆಟ್ಟಿಲ ಮೇಲೆ ನಿಂತು ಇದಿಷ್ಟನ್ನೂ ಹೇಳಿ, ಕೊನೆಗೆ ಸಲಹೆಯನ್ನೂ ಕೊಟ್ಟೆ: "ಹಾಡು ಕೇಳ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಮನಷ್ಯಾ ಅಂದಮ್ಯಾಲ ತನ್ನ ತಲಿ ತಾ ಉಪಯೋಗಸಬೇಕ್ರಿ."

ಹಾಗೆಂದು ಗಂಭೀರವಾಗಿ, ತಲೆ ಎತ್ತಿ ಒಳಗೆ ನಡೆದೆ.

ಧಡ್!

ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ ಸುವರ್ಣಾ ಒಳಗಿನಿಂದ ಕೂಗಿದಳು, "ಬಗ್ಗಿ ಬರ್ರೀ!"